ಆಪ್ತಸಮಾಲೋಚನೆಗೆ ಅಣ್ಣ ಒಪ್ಪುತ್ತಿಲ್ಲ: ತಡೆಯುತ್ತಿರುವುದು ಏನು?

ಪ್ರಶ್ನೆ:
ನನ್ನ ಅಣ್ಣನಿಗೆ ನಲವತ್ತಾರು ವರ್ಷ. ಅಡಿಕೆ ವ್ಯಾಪಾರದಲ್ಲಿ ನಷ್ಟವಾದಾಗಿನಿಂದ, ಅಂದರೆ ಒಂದೂವರೆ ವರ್ಷದಿಂದ, ಅವನಿಗೆ ಸರಿಯಾಗಿ ನಿದ್ದೆಯಿಲ್ಲ. ಎದೆಯುರಿ, ತಲೆನೋವು ಎಂದು ಮೂವರು ವೈದ್ಯರನ್ನು ಕಂಡ. ಅವರಲ್ಲೊಬ್ಬರು ಆಪ್ತಸಮಾಲೋಚಕರನ್ನು ಭೇಟಿಯಾಗಲು ಹೇಳಿದಾಗ, "ನನಗೇನು ತಲೆ ಕೆಟ್ಟಿದೆಯೇ?" ಎಂದು ಎದ್ದು ಬಂದ. ಓದಿಕೊಂಡವನು, ಊರಿನವರ ಕಷ್ಟಕ್ಕೆಲ್ಲ ಧೈರ್ಯ ಹೇಳುವವನು. ಹಣದ ಅಡಚಣೆಯೂ ಈಗಿಲ್ಲ. ಹಾಗಾದರೆ ಅವನನ್ನು ತಡೆಯುತ್ತಿರುವುದು ಏನು?

ಉತ್ತರ (ಆಪ್ತಸಮಾಲೋಚಕಿ):
ನಿಮ್ಮ ಅಣ್ಣನವರು ಒಬ್ಬಂಟಿಯಲ್ಲ. ನಿಮ್ಹಾನ್ಸ್ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆಗಳಿದ್ದವರಲ್ಲಿ ಸುಮಾರು ಶೇ. 85ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ದೂರ, ಖರ್ಚು, ತಜ್ಞರ ಅಭಾವ ಇವೆಲ್ಲ ಕಾರಣಗಳೇ. ಆದರೆ ನಿಮ್ಮ ಅಣ್ಣನವರ ಮಾತಿನಲ್ಲಿ ನನಗೆ ಕೇಳಿಸುವುದು ಬೇರೆ. "ನಿಮ್ಹಾನ್ಸ್‌ಗೆ ಸೇರಿಸಬೇಕು" ಎಂಬ ಮಾತನ್ನು ಹಾಸ್ಯವಾಗಿ ಆಡುವ ನಾಡಿನಲ್ಲಿ ಬೆಳೆದವರು, ಜನ ಏನೆನ್ನುವರೋ ಎಂದು ಅಂಜುವುದಷ್ಟೇ ಅಲ್ಲ, ಆ ತೀರ್ಪನ್ನು ತಮಗೆ ತಾವೇ ಕೊಟ್ಟುಕೊಂಡುಬಿಡುತ್ತಾರೆ. ಮನಶ್ಶಾಸ್ತ್ರ ಇದನ್ನು ಸ್ವ-ಕಳಂಕ ಎನ್ನುತ್ತದೆ. ಹತ್ತು ಜನರಿಗೆ ಧೈರ್ಯ ಹೇಳುವವರಿಗೆ, ನೆರವು ಕೇಳಿದರೆ ಆ ಸ್ಥಾನವೇ ಹೋಗುತ್ತದೆ ಎನಿಸುತ್ತದೆ. ತಲೆನೋವಿಗೆ ಮಾತ್ರೆ ಕೇಳುವುದರಲ್ಲಿ ಆ ಅವಮಾನವಿಲ್ಲ. ಹಾಗಾಗಿ ಮನಸ್ಸಿನ ನೋವು ಎಷ್ಟೋ ಸಲ ದೇಹದ ದೂರಾಗಿಯೇ ವೈದ್ಯರ ಮುಂದೆ ಬರುತ್ತದೆ.

ಉತ್ತರ (ಇನ್ನೊಬ್ಬ ಓದುಗರು):
ನಾನೂ ಎರಡು ವರ್ಷ ಹೋಗದೆ ಕಳೆದವನು. ನನ್ನದು ನಾಚಿಕೆಗಿಂತ ಹೆದರಿಕೆ: ಬಾಯಿ ತೆರೆದರೆ ಅಳು ನಿಲ್ಲದೇನೋ ಎಂಬ ಹೆದರಿಕೆ. ನೋವು ಹೆಚ್ಚಿದಷ್ಟೂ ಅದೂ ಹೆಚ್ಚುತ್ತಿತ್ತು. ಕೊನೆಗೆ ನನ್ನ ಹೆಂಡತಿ, "ನಿಮಗೆ ಕಾಯಿಲೆ" ಎನ್ನದೆ, "ನೀವು ರಾತ್ರಿಯಿಡೀ ಎದ್ದು ಕೂರುವುದನ್ನು ನನ್ನಿಂದ ನೋಡಲಾಗುತ್ತಿಲ್ಲ, ಒಂದು ಸಲ ಬನ್ನಿ" ಎಂದಳು. ಮೊದಲ ದಿನ ನಾನು ನಿದ್ದೆಯ ವಿಚಾರ ಬಿಟ್ಟು ಬೇರೇನೂ ಆಡಲಿಲ್ಲ. ಸಮಾಲೋಚಕರೂ ಕೆದಕಲಿಲ್ಲ.

ಪ್ರಶ್ನೆ ಕೇಳಿದವರು:
ಮೇಡಂ, ಹೇಳಿಕೊಂಡದ್ದು ಪೇಟೆಯವರ ಕಿವಿಗೆ ಬಿದ್ದರೆ ಎಂದೂ ಅವನು ಕೇಳಿದ್ದ.

ಉತ್ತರ (ಆಪ್ತಸಮಾಲೋಚಕಿ):
ಆ ಸಂಶಯ ಸಹಜ, ಅದನ್ನು ಅಲ್ಲಗಳೆಯಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಹೇಳಿದೆ. ಪ್ರಾಣಾಪಾಯದಂಥ ಕೆಲವು ಸಂದರ್ಭಗಳು ಮಾತ್ರ ಅದಕ್ಕೆ ಹೊರತು. ಮುಖ ತೋರಿಸಲು ಮನಸ್ಸಿಲ್ಲದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೇ, ಕನ್ನಡದಲ್ಲಿಯೇ ಮಾತನಾಡಬಹುದು. ಆದರೆ ಬದುಕೇ ಬೇಡವೆಂಬ ಮಾತು ಅವರ ಬಾಯಲ್ಲಿ ಬಂದರೆ, ಒಪ್ಪಿಗೆಗಾಗಿ ಕಾಯದೆ ಅಂದೇ ವೈದ್ಯರ ಬಳಿ ಕರೆದೊಯ್ಯಿರಿ.

ಪ್ರಶ್ನೆ ಕೇಳಿದವರು:
ಅಂಥ ಮಾತು ಇದುವರೆಗೆ ಬಂದಿಲ್ಲ. ಭಾನುವಾರ ಊರಿಗೆ ಹೋಗುತ್ತಿದ್ದೇನೆ; ಸಮಾಲೋಚನೆಯ ಮಾತೆತ್ತದೆ, ಮೊದಲು ಅವನ ನಿದ್ದೆಯ ಬಗ್ಗೆಯಷ್ಟೇ ವಿಚಾರಿಸುತ್ತೇನೆ.