‘ಬಿಡಿಸಿ ಓದು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ನಾನು ಈಗ ಫ್ರಾನ್ಸಿನ ಲಿಯೋಂನಲ್ಲಿ ಫ್ರೆಂಚ್ ಸಾಹಿತ್ಯ ಓದುತ್ತಿದ್ದೇನೆ. ಈ ಸೆಮಿಸ್ಟರ್ ಪೂರ್ತಿ ಕಥೆಗಳು. ಊರಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಗೆಳತಿಯೊಬ್ಬಳು ‘ಅಲ್ಲಿ ಕಥೆ ಹೇಗೆ ಪಾಠ ಮಾಡ್ತಾರೆ, ಬರೆದು ಕಳಿಸು, ನಮ್ಮ ಹುಡುಗರ ಜೊತೆ ಮಾಡಿ ನೋಡ್ತೀನಿ’ ಅಂದಳು. ಬರೆಯಲು ಕೂತರೆ ಮೊದಲ ಸಾಲಿನಲ್ಲೇ ತಡವರಿಸಿದೆ. ಇಲ್ಲಿ ಈ ಪಾಠಕ್ಕೆ ‘ಎಕ್ಸ್‌ಪ್ಲಿಕಾಸಿಯೋಂ ದ ತೆಕ್ಸ್ತ್’ ಎನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ?

ಪಾಠ ಹೀಗಿರುತ್ತದೆ. ಕಥೆಯಿಂದ ಒಂದಿಪ್ಪತ್ತು ಸಾಲು ಆರಿಸಿಕೊಡುತ್ತಾರೆ. ಮೊದಲು ಒಬ್ಬರು ಗಟ್ಟಿಯಾಗಿ ಓದಬೇಕು. ಆ ಸಾಲುಗಳು ಕಥೆಯ ಯಾವ ಜಾಗದಲ್ಲಿ ಬರುತ್ತವೆ, ಎಲ್ಲಿ ಹೊರಳುತ್ತವೆ ಅಂತ ಹೇಳಬೇಕು. ಆಮೇಲೆ ಸಾಲುಸಾಲಾಗಿ ನಡೆಯಬೇಕು. ಈ ಪದವೇ ಯಾಕೆ, ಕ್ರಿಯಾಪದ ಈ ಕಾಲದಲ್ಲೇ ಯಾಕೆ, ಅಲ್ಪವಿರಾಮ ಇಲ್ಲೇ ಯಾಕೆ. ಹೈಸ್ಕೂಲಿನ ಮಕ್ಕಳು ಕೂಡ, ಶಾಲೆ ಮುಗಿಸಲು ಕೊಡುವ ಬಕಲೋರಿಯಾ ಪರೀಕ್ಷೆಯ ಫ್ರೆಂಚ್ ಭಾಗದಲ್ಲಿ, ಇದನ್ನು ಬಾಯಲ್ಲಿ ಮಾಡಿ ತೋರಿಸಬೇಕು.

‘ನಿಕಟ ಓದು’, ‘ಸೂಕ್ಷ್ಮ ಓದು’ ಎರಡೂ ನಮ್ಮ ವಿಮರ್ಶೆಯಲ್ಲಿ ಬಳಕೆಯಲ್ಲಿವೆ, ಗೊತ್ತು. ‘ನಿಕಟ’ದಲ್ಲಿ ಇಂಗ್ಲಿಷಿನ ‘ಕ್ಲೋಸ್ ರೀಡಿಂಗ್’ ನೆರಳು ಜಾಸ್ತಿ. ಹತ್ತಿರ ಕೂತು ಓದು ಅಂದ ಹಾಗಾಗುತ್ತದೆ, ಏನು ಮಾಡಬೇಕು ಅನ್ನುವುದು ತಿಳಿಯುವುದಿಲ್ಲ. ‘ವ್ಯಾಖ್ಯಾನ’ ನನಗೆ ಬಹಳ ಪ್ರೀತಿಯ ಪದ. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಗಮಕ ಕೇಳಲು ಹೋಗುತ್ತಿದ್ದೆ. ಒಬ್ಬರು ಕುಮಾರವ್ಯಾಸನ ಪದ್ಯ ಹಾಡುತ್ತಿದ್ದರು, ಇನ್ನೊಬ್ಬರು ಅದರ ಅರ್ಥ ಹೇಳುತ್ತಿದ್ದರು. ಮೊದಲು ದನಿ, ಆಮೇಲೆ ಅರ್ಥ. ಇಲ್ಲಿನ ಕ್ರಮವೂ ಅದೇ. ಆದರೆ ವ್ಯಾಖ್ಯಾನ ಮಾಡುವವರು ಪದ್ಯದಿಂದ ಹೊರಟು ಬೇರೆ ಕಥೆ, ಬೇರೆ ಪುರಾಣ, ಇವತ್ತಿನ ಲೋಕ ಎಲ್ಲ ಸುತ್ತಿ ಬರಬಹುದು. ಅದರ ಸೊಗಸೇ ಅದು. ಇಲ್ಲಿ ಇಪ್ಪತ್ತು ಸಾಲು ಬಿಟ್ಟು ಆಚೆ ಹೋದರೆ ಮೇಷ್ಟ್ರು ಕೈಯೆತ್ತಿ ವಾಪಸ್ ಕರೆಯುತ್ತಾರೆ.

ಆಗ ಹೊಳೆದದ್ದು ‘ಬಿಡಿಸು’. ಫ್ರೆಂಚ್ ಪದದ ಬೇರು ಲ್ಯಾಟಿನ್ನಿನ ‘ಎಕ್ಸ್‌ಪ್ಲಿಕಾರೆ’. ಹಾಗಂದರೆ ಮಡಿಕೆ ತೆಗೆ, ಬಿಚ್ಚು. ಇವತ್ತಿಗೂ ಫ್ರೆಂಚಿನಲ್ಲಿ ‘ಪ್ಲಿ’ ಅಂದರೆ ಮಡಿಕೆ. ನಾವೂ ‘ಬಿಡಿಸಿ ಹೇಳು’ ಅಂತೀವಲ್ವಾ? ಒಗಟು ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ಅವರೆಕಾಯಿ ಬಿಡಿಸುತ್ತೇವೆ, ಬಯಲುಸೀಮೆಯಲ್ಲಿ ಹತ್ತಿ ಬಿಡಿಸುತ್ತಾರೆ. ಶಾಲೆಯಲ್ಲಿ ‘ಈ ಪದಗಳನ್ನು ಬಿಡಿಸಿ ಬರೆಯಿರಿ’ ಅಂತ ಸಂಧಿ ಮಾಡಿಸಿದ್ದು ಎಲ್ಲರಿಗೂ ನೆನಪಿರಬೇಕು. ‘ಬಿಚ್ಚಿ ಓದು’ ಅಂತಲೂ ಯೋಚಿಸಿದೆ. ಆದರೆ ಬಿಚ್ಚಿ ಹೇಳುವುದು ಮುಚ್ಚಿಟ್ಟದ್ದನ್ನು. ಕಥೆ ಏನನ್ನೂ ಮುಚ್ಚಿಟ್ಟಿರುವುದಿಲ್ಲ, ಎಲ್ಲ ಕಣ್ಣೆದುರಿಗೇ ಇರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಫ್ರೆಂಚ್ ಕಾದಂಬರಿಕಾರ ಫ್ಲೋಬೇರ್ 1877ರಲ್ಲಿ ತಂದ ‘ಮೂರು ಕಥೆಗಳು’ ಪುಸ್ತಕದ ಮೊದಲ ಕಥೆ, ನಾರ್ಮಂಡಿಯ ಮನೆಗೆಲಸದವಳು ಫೆಲಿಸಿತೆಯದು. ಅದರ ಮೊದಲ ವಾಕ್ಯವನ್ನು ನಾನು ಹೀಗೆ ಕನ್ನಡ ಮಾಡಿದ್ದೆ: ‘ಓಬ್ಯಾಂ ಅಮ್ಮನವರಿಗೆ ಫೆಲಿಸಿತೆಯಂಥ ಕೆಲಸದವಳು ಸಿಕ್ಕಳಲ್ಲಾ ಅಂತ ಪೋಂಲೆವೆಕ್ ಊರಿನ ಉಳ್ಳವರ ಮನೆ ಹೆಂಗಸರು ಅರ್ಧ ಶತಮಾನ ಹೊಟ್ಟೆಕಿಚ್ಚು ಪಡುತ್ತಿದ್ದರು.’ ಓದಲು ಚೆನ್ನಾಗಿದೆ. ಆದರೆ ತಪ್ಪು. ಮೂಲದಲ್ಲಿ ಇರುವುದು ‘ಪಟ್ಟರು’. ಐವತ್ತು ವರ್ಷವನ್ನು ಒಂದೇ ಏಟಿಗೆ ಮುಗಿಸಿದ ಕ್ರಿಯಾಪದ ಅದು. ಕಥೆ ಶುರುವಾಗುವ ಹೊತ್ತಿಗೇ ಆ ಬದುಕು ಮುಗಿದಿದೆ.

ಎರಡನೇ ವಾಕ್ಯ ಇನ್ನೂ ಚೆಂದ. ವರ್ಷಕ್ಕೆ 100 ಫ್ರಾಂಕಿಗೆ ಅಡುಗೆ ಮಾಡುತ್ತಿದ್ದಳು, ಹೊಲಿಯುತ್ತಿದ್ದಳು, ಒಗೆಯುತ್ತಿದ್ದಳು, ಇಸ್ತ್ರಿ ಮಾಡುತ್ತಿದ್ದಳು. ಕುದುರೆಗೆ ಕಡಿವಾಣ ಹಾಕಲು, ಕೋಳಿ ಕೊಬ್ಬಿಸಲು, ಬೆಣ್ಣೆ ಕಡೆಯಲು ಗೊತ್ತಿತ್ತು. ಫ್ರೆಂಚಿನಲ್ಲಿ ಆ ಕ್ರಿಯಾಪದಗಳು ‘ಫೆಜೆ, ಕುಜೆ, ಲವೆ, ರಪಾಸೆ, ಸವೆ’ ಅಂತ ಒಂದೇ ತುದಿಯಲ್ಲಿ ಬಡಿಯುತ್ತಾ ಹೋಗುತ್ತವೆ. ಮುಗಿಯದ ಕೆಲಸ. ಆಮೇಲೆ ಥಟ್ಟನೆ ‘ರೆಸ್ತಾ’. ಯಜಮಾನಿಗೆ ನಿಷ್ಠೆಯಿಂದ ‘ಉಳಿದಳು’. ‘ಉಳಿಯುತ್ತಿದ್ದಳು’ ಅಲ್ಲ. ದಿನದಿನದ ಚಾಕರಿಯ ನಡುವೆ ಅದೊಂದು ಮಾತ್ರ ಗಟ್ಟಿಯಾಗಿ, ಕೊನೆಯವರೆಗೂ ನಿಂತಿತು. ಬೆನ್ನಿಗೇ ಒಂದು ಗೀಟು ಎಳೆದು, ಯಜಮಾನಿಯೇನೂ ಹಿತವಾದ ಹೆಂಗಸಾಗಿರಲಿಲ್ಲ ಅನ್ನುತ್ತಾನೆ ಫ್ಲೋಬೇರ್. ಇದನ್ನು ಇಂಗ್ಲಿಷಿನಲ್ಲಿ ಓದಿದಾಗ ನನಗೆ ಈ ವ್ಯತ್ಯಾಸ ಕಂಡಿರಲಿಲ್ಲ. ‘-ತ್ತಿದ್ದಳು’ ಮತ್ತು ‘-ದಳು’ ಇರುವ ನಮ್ಮ ಭಾಷೆಯಲ್ಲಿ ಅದು ಬಾಯಿಗೇ ಸಿಕ್ಕಿತು. ಆ ದಿನ ಕ್ಲಾಸಿನಲ್ಲಿ ಕನ್ನಡದ ಸಾಲುಗಳನ್ನೇ ಗಟ್ಟಿಯಾಗಿ ಓದಿದೆ. ಭಾಷೆ ಬಾರದವರಿಗೂ ದನಿ ಎಲ್ಲಿ ಬದಲಾಯಿತು ಅಂತ ಗೊತ್ತಾಯಿತು. ನನಗೆ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ.

ಈಗ ನನ್ನ ತೊಡಕು. ‘ಬಿಡಿಸಿ ಓದಿದೆವು’ ಸರಿ, ನಾಮಪದ ಬೇಕಾದಾಗ? ‘ಬಿಡಿಸಿ ಓದು’ ಆಜ್ಞೆಯ ಹಾಗೆ ಕೇಳುತ್ತದೆ. ಸಂಧಿ ಮಾಡಿದರೆ ‘ಬಿಡಿಸೋದು’ ಆಗುತ್ತದೆ, ಅದು ಮಾತಿನಲ್ಲಿ ‘ಬಿಡಿಸುವುದು’ ಅನ್ನುವುದರ ರೂಪವೂ ಹೌದು. ನನಗೆ ಈ ಎರಡು ಅರ್ಥ ಒಟ್ಟಿಗೆ ಬರುವುದು ಇಷ್ಟವೇ. ಗೊಂದಲವಾಗುತ್ತದೆಯೇ? ಇನ್ನೊಂದು, ನಿಮ್ಮ ಕಡೆ ‘ಬಿಡಿಸಿ ಓದು’ ಅಂದರೆ ಮಕ್ಕಳು ಅಕ್ಷರ ಒಂದೊಂದೇ ಓದುವುದು ಅಂತ ಅರ್ಥವಿದೆಯೇ? ಇದ್ದರೆ ದಯವಿಟ್ಟು ಊರಿನ ಹೆಸರಿನ ಜೊತೆ ತಿಳಿಸಿ.

ಮರೆತಿದ್ದೆ, ಇದೇ ಕಥೆಯ ಹೆಸರು ‘ಅಂ ಕರ್ ಸ್ಯಾಂಪ್ಲ್’, ಅಂದರೆ ಒಂದು ‘ಸ್ಯಾಂಪ್ಲ್’ ಹೃದಯ. ಈ ‘ಸ್ಯಾಂಪ್ಲ್’ ಆಡಂಬರವಿಲ್ಲದ್ದು ಅಂತಲೂ ಹೌದು, ಬುದ್ಧಿ ಸಾಲದ್ದು ಅಂತಲೂ ಹೌದು. ‘ಸರಳ’ ಅಂದರೆ ಎರಡನೆಯದು ಬಿಟ್ಟುಹೋಗುತ್ತದೆ, ‘ಬೆಪ್ಪು’ ಅಂದರೆ ಅದೊಂದೇ ಉಳಿಯುತ್ತದೆ. ಪುತ್ತೂರಿನ ಸ್ನೇಹಿತೆ ‘ಪಾಪದವಳು’ ಅಂದಳು. ಮೈಸೂರು ಕಡೆಯ ನನ್ನ ಕಿವಿಗೆ ಅದು ಮೊದಲು ಪಾಪ ಮಾಡಿದವಳು ಅಂತ ಕೇಳಿಸಿತು. ತಮ್ಮ ಕಡೆ ಅದು ಮುಗ್ಧೆ, ಸಾಧು ಸ್ವಭಾವದವಳು ಅಂತ ಅವಳು ವಿವರಿಸಿದ ಮೇಲೆ ಇದೇ ಸರಿ ಅನ್ನಿಸಿತು. ಕೊನೆಯಲ್ಲಿ ಫೆಲಿಸಿತೆ ಸಾಯುವಾಗ, ಅರೆತೆರೆದ ಆಕಾಶದಲ್ಲಿ, ತಾನು ಸಾಕಿದ್ದ ಗಿಳಿಯಂಥದೇ ದೊಡ್ಡದೊಂದು ಗಿಳಿ ತನ್ನ ತಲೆಯ ಮೇಲೆ ತೇಲುವುದು ಕಂಡ ಹಾಗೆ ಅವಳಿಗೆ ಅನಿಸುತ್ತದೆ. ಅವಳು ಬೆಪ್ಪಾದರೆ ಆ ಗಿಳಿ ನಗೆಪಾಟಲು, ಪಾಪದವಳಾದರೆ ಹಾಗಲ್ಲ. ಕರಾವಳಿಯವರು ಹೇಳಬೇಕು: ‘ಪಾಪದವಳು’ ಅನ್ನುವಾಗ ನಿಮ್ಮ ದನಿಯಲ್ಲಿ ತುಸುವಾದರೂ ಹಗುರ ಮಾಡುವ ಭಾವ ಇರುತ್ತದೆಯೇ, ಅಥವಾ ಬರೀ ಅಕ್ಕರೆಯೇ?