ಚುನಾವಣಾ ಪ್ರಚಾರದ ಹೊತ್ತಿನ ಹೊಡೆದಾಟ: ತಡೆಯುವುದು ಹೇಗೆ, ತನಿಖೆ ಹಳ್ಳ ಹಿಡಿಯದಂತೆ ನೋಡಿಕೊಳ್ಳುವುದು ಹೇಗೆ?

ಕೇಳಿದವರು: ಕೊಡಗಿನ ಸಿದ್ದಾಪುರ ಭಾಗದ ಯುವಕ ಸಂಘವೊಂದರ ಕಾರ್ಯದರ್ಶಿ

ಕಳೆದ ವಿಧಾನಸಭಾ ಚುನಾವಣೆಯ ಪ್ರಚಾರದ ಕೊನೆಯ ವಾರದಲ್ಲಿ ಫ್ಲೆಕ್ಸ್ ಹರಿದ ವಿಚಾರಕ್ಕೆ ನಮ್ಮೂರಿನ ಎರಡು ಪಕ್ಷಗಳ ಹುಡುಗರ ನಡುವೆ ಹೊಡೆದಾಟವಾಗಿ ಇಬ್ಬರ ತಲೆ ಒಡೆಯಿತು. ಎರಡೂ ಕಡೆಯವರು ದೂರು ಕೊಟ್ಟರು. ಯಾರಿಗೂ ಶಿಕ್ಷೆಯಾಗಲಿಲ್ಲ, ಮನಸ್ತಾಪ ಮಾತ್ರ ಉಳಿಯಿತು. ಇದು ಮರುಕಳಿಸದಂತೆ ಊರಿನವರು ಏನು ಮಾಡಬಹುದು, ನಡೆದೇ ಹೋದರೆ ತನಿಖೆ ಸರಿಯಾಗಿ ಸಾಗಲು ಏನು ಮಾಡಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಪೊಲೀಸ್ ಅಧಿಕಾರಿ, ಮಡಿಕೇರಿ

ಕಾರ್ಯದರ್ಶಿಗಳೇ, ಹೊಡೆದಾಟದ ಜಾಗವನ್ನೂ ಹೊತ್ತನ್ನೂ ಬಹುಪಾಲು ಮೊದಲೇ ಊಹಿಸಬಹುದು ಎಂಬುದು ಚುನಾವಣಾ ಬಂದೋಬಸ್ತಿನಲ್ಲಿ ನಿಂತು ನಾನು ಕಂಡುಕೊಂಡದ್ದು. ಎರಡು ಮೆರವಣಿಗೆಗಳು ಒಂದೇ ವೃತ್ತಕ್ಕೆ ಒಂದೇ ಗಳಿಗೆಗೆ ಬಂದು ಸೇರುವುದು, ಸಂತೆಯ ದಿನ ಪೇಟೆಯ ನಡುವೆ ಭಾಷಣ ಇಟ್ಟುಕೊಳ್ಳುವುದು, ಕತ್ತಲಾದ ಮೇಲೆ ಬಂಟಿಂಗ್ಸ್ ಕಟ್ಟಲು ಹುಡುಗರನ್ನು ಜೀಪಿನಲ್ಲಿ ಕಳಿಸುವುದು, ಇವೇ ಹೆಚ್ಚಿನ ಗಲಾಟೆಗಳಿಗೆ ದಾರಿ. ನಮ್ಮ ಕಿರಿದಾದ ಘಟ್ಟದ ರಸ್ತೆಗಳಲ್ಲಿ ಎದುರುಬದುರಾದ ಎರಡು ಗುಂಪುಗಳಿಗೆ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ. ಆದುದರಿಂದ ಯಾವ ಪಕ್ಷಕ್ಕೆ ಯಾವ ದಿನ, ಯಾವ ಮಾರ್ಗದಲ್ಲಿ ಅನುಮತಿ ಸಿಕ್ಕಿದೆ ಎಂಬುದನ್ನು ಚುನಾವಣಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ, ಎರಡು ಕಾರ್ಯಕ್ರಮಗಳು ತಾಗುವಂತಿದ್ದರೆ ಸೆಕ್ಟರ್ ಅಧಿಕಾರಿಗೂ (ಕೆಲವು ಮತಗಟ್ಟೆಗಳ ಉಸ್ತುವಾರಿ ಹೊತ್ತವರು) ಠಾಣೆಗೂ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ.

2022ರ ಆಗಸ್ಟ್‌ನಲ್ಲಿ, ಅಂದು ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರ ಕಾರಿನ ಮೇಲೆ ನಮ್ಮ ಜಿಲ್ಲೆಯಲ್ಲಿ ಮೊಟ್ಟೆ ಎಸೆದ ನಂತರ ಕಾಂಗ್ರೆಸ್ 26ರಂದು ಮಡಿಕೇರಿ ಚಲೋಗೆ ಕರೆ ಕೊಟ್ಟಿತು. ಬಿಜೆಪಿ ಕೂಡ ಅದೇ ದಿನ ಸಮಾವೇಶಕ್ಕೆ ಅಣಿಯಾಯಿತು. ಜಿಲ್ಲಾಡಳಿತ 24ರಿಂದ 27ರವರೆಗೆ ನಿಷೇಧಾಜ್ಞೆ ಹೊರಡಿಸಿತು, ಎರಡೂ ಪಕ್ಷಗಳು ಕಾರ್ಯಕ್ರಮ ಮುಂದೂಡಿದವು. ಅದು ಚುನಾವಣೆಯ ಕಾಲವಲ್ಲದಿದ್ದರೂ, ದಿನವನ್ನು ಬೇರ್ಪಡಿಸುವುದರಿಂದಲೇ ಎಷ್ಟು ಅನಾಹುತ ತಪ್ಪುತ್ತದೆ ಎಂಬುದಕ್ಕೆ ನಾನು ಇದನ್ನೇ ಉದಾಹರಿಸುತ್ತೇನೆ.

ಹಿಂದೆ ಗಲಾಟೆ ಮಾಡಿದವರಿಂದ ಶಾಂತಿ ಕಾಪಾಡುವ ಬಾಂಡ್ ಬರೆಸಿಕೊಳ್ಳಲು ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 107 ಆಗಿತ್ತು. ಆದರೆ ಒಂದೇ ಪಕ್ಷದವರ ಹೆಸರು ಕೊಟ್ಟರೆ ಆ ಕ್ರಮವೇ ಹೊಸ ಜಗಳಕ್ಕೆ ಕಾರಣವಾಗುತ್ತದೆ. ಎರಡೂ ಕಡೆಯವರ ಪಟ್ಟಿ ಒಟ್ಟಿಗೆ ಹೋಗಲಿ.

ಕೋವಿಯ ವಿಚಾರವನ್ನೂ ಹೇಳಬೇಕು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಕೋವಿ ಇರುವ ಮನೆಯನ್ನೆಲ್ಲ ಅನುಮಾನದಿಂದ ನೋಡುವುದು ಅನ್ಯಾಯ. ಚುನಾವಣಾ ಆಯೋಗದ ಸೂಚನೆಯಂತೆ ಜಿಲ್ಲಾ ಪರಿಶೀಲನಾ ಸಮಿತಿ ಮುಖ್ಯವಾಗಿ ಗಮನಿಸಬೇಕಾದದ್ದು ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು ಮತ್ತು ಹಿಂದಿನ ಗಲಭೆಗಳಲ್ಲಿ ಭಾಗಿಯಾದವರ ಆಯುಧಗಳನ್ನು. ಠೇವಣಿ ಇಡಬೇಕಾಗಿ ಬಂದರೆ ರಸೀದಿ ಪಡೆಯಿರಿ. ಕಾಡುಹಂದಿಯ ಕಾಟವಿರುವ ತೋಟದವರು ಸಮಿತಿಗೆ ಕಾರಣ ಬರೆದು ಮನವಿ ಕೊಡಲಿ.

ಉತ್ತರ: ವಕೀಲೆ, ವಿರಾಜಪೇಟೆ

ಸರ್ ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ತನಿಖೆಯ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಇಂತಹ ಮೊಕದ್ದಮೆಗಳು ಬಿದ್ದುಹೋಗುವುದು ಹೆಚ್ಚಾಗಿ ದೂರಿನ ಮೊದಲ ಪುಟದಲ್ಲಿಯೇ. ಹೊಡೆದವರು ನಾಲ್ವರಿದ್ದರೆ ದೂರಿನಲ್ಲಿ ಎದುರು ಪಕ್ಷದ ಬೂತ್ ಸಮಿತಿಯ ಅಷ್ಟೂ ಹೆಸರು ಇರುತ್ತದೆ. ನಾಯಕರು ಪಕ್ಕದಲ್ಲಿ ಕುಳಿತು ಬರೆಸಿರುತ್ತಾರೆ. ಸ್ಥಳದಲ್ಲೇ ಇಲ್ಲದವರ ಹೆಸರು ಸೇರಿದಾಗ ನಿಜವಾಗಿ ದೊಣ್ಣೆ ಬೀಸಿದವನ ಮೇಲಿನ ಸಾಕ್ಷ್ಯವೂ ಸಂಶಯಕ್ಕೆ ಒಳಗಾಗುತ್ತದೆ. ದೊಡ್ಡ ಗುಂಪು ಆರೋಪಿಗಳಾಗಿರುವಾಗ ಎರಡು ಮೂರು ಸಾಕ್ಷಿಗಳಾದರೂ ಒಂದೇ ರೀತಿ ಹೇಳಿರಬೇಕೆಂಬ ಅಳತೆಗೋಲನ್ನು ಸುಪ್ರೀಂ ಕೋರ್ಟ್ 1964ರ ಮಸಲ್ತಿ ಪ್ರಕರಣದಲ್ಲಿಯೇ ಒಪ್ಪಿಕೊಂಡಿದೆ. ದೂರನ್ನು ಕಣ್ಣಾರೆ ಕಂಡವರೇ ಬರೆಯಲಿ: ಯಾರು, ಯಾವ ಆಯುಧದಿಂದ, ದೇಹದ ಯಾವ ಭಾಗಕ್ಕೆ ಹೊಡೆದರು, ಬೆಳಕು ಎಲ್ಲಿಂದ ಬೀಳುತ್ತಿತ್ತು ಎಂಬಷ್ಟು ಸಾಕು. ಗುರುತು ಸಿಗದವರನ್ನು ಅಪರಿಚಿತರೆಂದೇ ಬರೆಯಿರಿ.

ಗಾಯಾಳು ಆಸ್ಪತ್ರೆಗೆ ಹೋದ ಕೂಡಲೇ ಆಸ್ಪತ್ರೆಯವರು ಬರೆಯುವ ವೈದ್ಯಕೀಯ-ಕಾನೂನು ದಾಖಲೆಯಾದ ಎಂಎಲ್‌ಸಿ ದಾಖಲಾಗಬೇಕು. ಬಿದ್ದು ಗಾಯವಾಯಿತೆಂದು ಅಲ್ಲಿ ಹೇಳಿ, ಮರುದಿನ ಠಾಣೆಯಲ್ಲಿ ಹಲ್ಲೆಯೆಂದು ಹೇಳಿದರೆ ಆ ವ್ಯತ್ಯಾಸ ವಿಚಾರಣೆಯ ಕೊನೆಯವರೆಗೂ ಕಾಡುತ್ತದೆ. ಅಂಗಡಿ, ಪೆಟ್ರೋಲ್ ಬಂಕ್, ತೋಟದ ಗೇಟುಗಳ ಸಿಸಿಟಿವಿ ದೃಶ್ಯಗಳು ಕೆಲವೇ ದಿನಗಳಲ್ಲಿ ತಾವಾಗಿ ಅಳಿಸಿಹೋಗುತ್ತವೆ. ಯಾವ ಕ್ಯಾಮೆರಾ ಎಲ್ಲಿದೆ ಎಂದು ಅದೇ ದಿನ ತನಿಖಾಧಿಕಾರಿಗೆ ಬರೆದುಕೊಡಿ. ಮೊಬೈಲಿನ ವಿಡಿಯೋ ಇದ್ದರೆ ತೆಗೆದ ಫೋನನ್ನೇ ಜೋಪಾನ ಮಾಡಿ. ಗುಂಪುಗಳಲ್ಲಿ ಹರಿದಾಡಿದ ಪ್ರತಿಯ ಮೂಲ ತೋರಿಸುವುದು ಕಷ್ಟ. ಸಾಕ್ಷ್ಯ ಅಧಿನಿಯಮದ 63ನೇ ಕಲಂ ವಿದ್ಯುನ್ಮಾನ ದಾಖಲೆಗೆ ಕೇಳುವ ಪ್ರಮಾಣಪತ್ರವೂ ಬೇಕಾಗುತ್ತದೆ.

ಠಾಣೆಯಲ್ಲಿ ಎಫ್‌ಐಆರ್ ದಾಖಲಿಸದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ನಾಲ್ಕನೇ ಉಪಕಲಮಿನಂತೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲಿಯೂ ಆಗದಿದ್ದರೆ ನ್ಯಾಯಾಧೀಶರ ಮುಂದೆ ಹೋಗಬಹುದು. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆಂದು 193ನೇ ಕಲಂ ಹೇಳುತ್ತದೆ. ಅದನ್ನು ಕೇಳಿ ಪಡೆಯುವವರು ಇನ್ನೂ ವಿರಳ. ಎದುರಾಳಿಗಳ ಕೌಂಟರ್ ಕೇಸಿದ್ದರೆ ಎರಡೂ ಒಬ್ಬರೇ ಅಧಿಕಾರಿಯ ತನಿಖೆಯಲ್ಲಿ ಇರಲಿ ಎಂದು ಮನವಿ ಮಾಡಿ. ಬೇರೆ ಬೇರೆ ಕೈಯಲ್ಲಿ ಎರಡು ಕಥೆಗಳು ಬೆಳೆದು, ಎರಡೂ ಖುಲಾಸೆಯಲ್ಲಿ ಮುಗಿಯುವುದನ್ನು ನಾನು ಕಂಡಿದ್ದೇನೆ. ನಿಮ್ಮೂರಿನಲ್ಲಿ ಆದದ್ದೂ ಬಹುಶಃ ಇದೇ ಇರಬೇಕು.

ಉತ್ತರ: ತೋಟ ಕಾರ್ಮಿಕರ ನಡುವೆ ಕೆಲಸ ಮಾಡುವವರು, ಪಾಲಿಬೆಟ್ಟ

ಅಕ್ಕ ಹೇಳಿದ ಕಣ್ಣಾರೆ ಕಂಡವರು ನಮ್ಮ ಕಡೆ ಅನೇಕ ಸಲ ಲೈನ್ ಮನೆಗಳ (ತೋಟದ ಮಾಲೀಕರು ಕೊಟ್ಟ ಸಾಲುಮನೆಗಳ) ಕೂಲಿಕಾರರೇ ಆಗಿರುತ್ತಾರೆ. ಮಾಲೀಕರದ್ದು ಒಂದು ಪಕ್ಷ, ಮೇಸ್ತ್ರಿಯದ್ದು ಇನ್ನೊಂದು ಪಕ್ಷವಾದಾಗ ಅವರು ಬಾಯಿ ಬಿಡುವುದಿಲ್ಲ. ಅಸ್ಸಾಮಿನಿಂದ ಬಂದವರಾದರೆ ಕೆಲಸ ಮುಗಿದ ಕೂಡಲೇ ಊರಿಗೆ ಹೊರಟುಹೋಗುತ್ತಾರೆ. ಅಂಥವರ ಹೇಳಿಕೆಯನ್ನು ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಮಿನ ಅಡಿಯಲ್ಲಿ ನ್ಯಾಯಾಧೀಶರ ಮುಂದೆ ಬೇಗನೆ ದಾಖಲಿಸಲು ತನಿಖಾಧಿಕಾರಿಯನ್ನು ಕೇಳಿ, ಭಾಷೆ ಬಲ್ಲ ಅನುವಾದಕರೂ ಬೇಕೆಂದು ಅದರಲ್ಲಿಯೇ ಬರೆಯಿರಿ. ಬೆದರಿಕೆ ಇದ್ದರೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ಸಮಿತಿಗೆ ಅರ್ಜಿ ಹಾಕಬಹುದು. ಸಾಕ್ಷಿ ಹೇಳಿದ್ದಕ್ಕೆ ಲೈನ್ ಮನೆಯಿಂದ ಹೊರಹಾಕುವ ಬೆದರಿಕೆಯನ್ನೂ ಆ ಅರ್ಜಿಯಲ್ಲಿ ತಪ್ಪದೇ ನಮೂದಿಸಿ, ಒಂದು ಪ್ರತಿಯನ್ನು ತಹಶೀಲ್ದಾರರಿಗೂ ಕೊಡಿ.