ಆಸ್ಕರ್ ಮತ್ತು ಬಣ್ಣ: ನಮ್ಮ ಮೇಷ್ಟ್ರಿಗೆ ಏನು ಹೇಳಲಿ?

ಸಿನಿಮಾಪ್ರೇಮಿ, ಮೈಸೂರು

ಮುಂದಿನ ಭಾನುವಾರ ನಮ್ಮ ಬಡಾವಣೆಯ ಸಿನಿಮಾ ಬಳಗದಲ್ಲಿ ನಾನು ಆಸ್ಕರ್ ಬಗ್ಗೆ ಮಾತಾಡಬೇಕು. ಹ್ಯಾಟಿ ಮೆಕ್‌ಡೇನಿಯಲ್ ಅವರಿಂದ ಶುರು ಮಾಡೋಣ ಅಂದುಕೊಂಡಿದ್ದೇನೆ. 'ಗಾನ್ ವಿತ್ ದ ವಿಂಡ್' ಚಿತ್ರಕ್ಕೆ 1940ರಲ್ಲಿ ಅವರಿಗೆ ಪೋಷಕ ನಟಿ ಪ್ರಶಸ್ತಿ ಬಂತು. ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ ಅವರೇ. ಸಮಾರಂಭ ನಡೆದ ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲಿಗೆ ಕಪ್ಪು ಜನರನ್ನು ಬಿಡುತ್ತಿರಲಿಲ್ಲ. ನಿರ್ಮಾಪಕರು ಕೇಳಿಕೊಂಡ ಮೇಲೆ ಒಳಗೆ ಬಿಟ್ಟರು. ಕೂರಿಸಿದ್ದು ಮಾತ್ರ ಗೋಡೆ ಪಕ್ಕದ ಸಣ್ಣ ಮೇಜಿನಲ್ಲಿ. ಜೊತೆಗೆ ನಟಿಸಿದವರೆಲ್ಲ ಬೇರೆ ಮೇಜಿನಲ್ಲಿದ್ದರು. ಆವತ್ತು ಅವರು ತಲೆಗೆ ಗಾರ್ಡೇನಿಯ ಹೂ ಮುಡಿದು ಬಂದಿದ್ದರು. ಆ ಫೋಟೊ ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಬಳಗದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. "ಪ್ರಶಸ್ತಿ ಕೊಡೋದು ನಟನೆಗೆ, ಬಣ್ಣಕ್ಕಲ್ಲ ಅಲ್ವಾ?" ಅಂತ ಖಂಡಿತ ಕೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೇಳುವವರು. ಏನು ಹೇಳಲಿ?

ಕೊನೆ ಸಾಲಿನ ಪ್ರೇಕ್ಷಕ

ಮೇಷ್ಟ್ರಿಗೆ 'ದ ಗುಡ್ ಅರ್ತ್' ಚಿತ್ರದ ಕಥೆ ಹೇಳಿ. ಚೀನಾದ ರೈತ ಹೆಂಗಸಿನ ಪಾತ್ರ. ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿದ ಚೀನಿ ಮೂಲದ ಆ್ಯನಾ ಮೇ ವಾಂಗ್ ಆ ಪಾತ್ರಕ್ಕೆ ತುಂಬಾ ಆಸೆಪಟ್ಟಿದ್ದರು. ಆದರೆ ಗಂಡನ ಪಾತ್ರ ಬಿಳಿಯ ನಟ ಪಾಲ್ ಮುನಿಗೆ ಹೋಗಿತ್ತು. ಬೇರೆ ಬೇರೆ ಜನಾಂಗದ ಜೋಡಿಯನ್ನು ತೆರೆ ಮೇಲೆ ತೋರಿಸಬಾರದು ಅನ್ನುವ ಕಟ್ಟಳೆ ಆಗ ಇತ್ತು. ಪಾತ್ರ ಲೂಯಿಸ್ ರೈನರ್‌ಗೆ ಸಿಕ್ಕಿತು. ಮೇಕಪ್ ಹಾಕಿ ಚೀನಿಯಳಾಗಿ ನಟಿಸಿ ಅವರು 1938ರಲ್ಲಿ ಆಸ್ಕರ್ ಗೆದ್ದರು. ರೈನರ್ ಚೆನ್ನಾಗಿಯೇ ನಟಿಸಿದ್ದಾರೆ. ಆದರೆ ವಾಂಗ್ ಅವರ ನಟನೆಯನ್ನು ಅಳೆಯಲು ಪಾತ್ರವಾದರೂ ಕೊಡಬೇಕಿತ್ತಲ್ಲ? ಏಷ್ಯಾ ಮೂಲದ ಮಿಶೆಲ್ ಯೋ ಅತ್ಯುತ್ತಮ ನಟಿ ಆಗಿದ್ದು 2023ರಲ್ಲಿ.

ಫ್ರೀಮಾಂಟ್ ಕನ್ನಡಿಗ

ಮತ ಹಾಕುವವರು ಯಾರು ಅನ್ನೋದನ್ನೂ ಹೇಳಿ. 2012ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಲೆಕ್ಕ ಹಾಕಿದಾಗ ಆಸ್ಕರ್ ಕೊಡುವ ಅಕಾಡೆಮಿಯ ಮತದಾರರಲ್ಲಿ ಸುಮಾರು 94% ಬಿಳಿಯರು. 2015, 2016 ಎರಡೂ ವರ್ಷ ನಟನೆಗೆ ನಾಮನಿರ್ದೇಶನಗೊಂಡ 20ಕ್ಕೆ 20 ಜನರೂ ಬಿಳಿಯರೇ. ಅದಕ್ಕೆ ಗಲಾಟೆ ಆದ ಮೇಲೆ ಹೊಸ ಸದಸ್ಯರನ್ನು ಜಾಸ್ತಿ ಸೇರಿಸಿಕೊಂಡರು. 2024ರ ಸಮಾರಂಭದಿಂದ ಅತ್ಯುತ್ತಮ ಚಿತ್ರದ ಸ್ಪರ್ಧೆಗೆ, ಅವಕಾಶ ಕಡಿಮೆ ಸಿಕ್ಕ ಸಮುದಾಯದವರನ್ನು ಸೇರಿಸಿಕೊಳ್ಳುವ ನಾಲ್ಕು ಮಾನದಂಡಗಳಲ್ಲಿ ಎರಡನ್ನಾದರೂ ಪೂರೈಸಬೇಕು. ತಾರಾಗಣ ಒಂದೇ ಅಲ್ಲ, ತಂತ್ರಜ್ಞರು, ತರಬೇತಿ, ಪ್ರಚಾರ ವಿಭಾಗವೂ ಲೆಕ್ಕಕ್ಕೆ ಬರುತ್ತವೆ. ನಟನೆಯ ಪ್ರಶಸ್ತಿಗೆ ಈ ನಿಯಮವೇ ಇಲ್ಲ. ಮೇಷ್ಟ್ರಿಗೆ ಸಮಾಧಾನ ಆಗಬಹುದು.

ಇನ್ನೊಂದು ಮಾತು. ಕಪ್ಪು ನಟಿ ಮೋನೀಕ್ 2010ರಲ್ಲಿ ಪೋಷಕ ನಟಿ ಪ್ರಶಸ್ತಿ ಪಡೆದಾಗ ತಲೆಗೆ ಅದೇ ಹೂ ಮುಡಿದಿದ್ದರು. ಅಷ್ಟೆಲ್ಲ ಸಹಿಸಿಕೊಂಡಿದ್ದಕ್ಕೆ ಹ್ಯಾಟಿಗೆ ವೇದಿಕೆಯಲ್ಲೇ ಥ್ಯಾಂಕ್ಸ್ ಹೇಳಿದರು.

ಸಿನಿಮಾಪ್ರೇಮಿ, ಮೈಸೂರು

ಹೂವಿನ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಮೇಷ್ಟ್ರಿಗೆ ವಾಂಗ್ ಕಥೆಯನ್ನೇ ಮೊದಲು ಹೇಳ್ತೀನಿ. ಆಮೇಲೆ ಹ್ಯಾಟಿ, ಮೋನೀಕ್ ಇಬ್ಬರ ಫೋಟೊನೂ ಪಕ್ಕಪಕ್ಕ ಇಟ್ಟು ತೋರಿಸ್ತೀನಿ. ಹೂ ಸರಿಯಾಗಿ ಕಾಣುವ ದೊಡ್ಡ ಫೋಟೊ ಯಾರ ಹತ್ತಿರವಾದರೂ ಇದ್ದರೆ ಶನಿವಾರದೊಳಗೆ ಹಾಕಿ, ಪ್ರಿಂಟ್ ತೆಗೆಸಬೇಕು.